ಯಶೋಭೂಷಣದ ಅಚ್ಚು

ಮನುಷ್ಯನ ಮನಸ್ಸು ಯಂತ್ರಕ್ಕೆ ಸಮವೇ? ನಂಜನಗೂಡು ತಾಲ್ಲೂಕಿನ ಕಳಲೆಯ ಮನೆತನಕ್ಕೆ ಸೇರಿದ ಒಂದು ಹಳೆಯ ಕೃತಿಯನ್ನು ಓದುವಾಗ ನನಗೆ ಈ ಪ್ರಶ್ನೆ ಬಿಡದೆ ಕಾಡುತ್ತದೆ. ‘ಅಭಿನವ ಕಾಳಿದಾಸ’ನೆನಿಸಿಕೊಂಡ ನರಸಿಂಹಕವಿ 18ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ನಂಜರಾಜಯಶೋಭೂಷಣ’ ಅದು. ಅಲಂಕಾರಶಾಸ್ತ್ರದ ಗ್ರಂಥ. ಮೊದಲು ಲಕ್ಷಣ, ಆಮೇಲೆ ಉದಾಹರಣೆ; ಉದಾಹರಣೆಗಳ ತುಂಬ ಮೈಸೂರಿನ ಸರ್ವಾಧಿಕಾರಿಯಾಗಿದ್ದ ಕಳಲೆಯ ನಂಜರಾಜಯ್ಯನ ಹೊಗಳಿಕೆ. ನಾಟಕದ ಲಕ್ಷಣ ಬಂದಾಗ ಅವನನ್ನೇ ನಾಯಕನಾಗಿಸಿ ‘ಚಂದ್ರಕಲಾಕಲ್ಯಾಣ’ವೆಂಬ ಇಡೀ ನಾಟಕವನ್ನೇ ಒಳಗಿಟ್ಟಿದ್ದಾನೆ. ಅಚ್ಚು ಕೂಡ ಹಳೆಯದೇ. ಸುಮಾರು ನಾಲ್ಕು ಶತಮಾನ ಹಿಂದೆ ಓರುಗಲ್ಲಿನಲ್ಲಿ ವಿದ್ಯಾನಾಥ ಕಾಕತೀಯ ಅರಸನಿಗಾಗಿ ‘ಪ್ರತಾಪರುದ್ರಯಶೋಭೂಷಣ’ ಬರೆದಿದ್ದ.

ನಿಯಮವಿದೆ, ಹೆಸರು ಕೂರಿಸಲು ಜಾಗವಿದೆ, ಪದ್ಯ ಹೊರಬರುತ್ತದೆ. ಇಷ್ಟರ ಮಟ್ಟಿಗೆ ಕವಿಯ ಮನಸ್ಸು ಯಂತ್ರಕ್ಕೆ ಸಮವೆಂದು ಒಪ್ಪಲು ನನಗೆ ಹಿಂಜರಿಕೆಯಿಲ್ಲ. ಯಂತ್ರ ತಾನಾಗಿ ಏನನ್ನೂ ಹುಟ್ಟಿಸದು ಎಂದು ಗಣಿತಜ್ಞೆ ಏಡಾ ಲವ್‌ಲೇಸ್ 1843ರಲ್ಲೇ ಬರೆದಳು. ಆ ಮಾತನ್ನೇ ಅಳತೆಗೋಲಾಗಿ ಹಿಡಿದರೆ ನಮ್ಮ ಆಸ್ಥಾನಕವಿಗಳಲ್ಲಿ ಬಹಳ ಮಂದಿಗೆ ಮನಸ್ಸೇ ಇರಲಿಲ್ಲ ಎನ್ನಬೇಕಾಗುತ್ತದೆ, ಅದು ಅನ್ಯಾಯ. ಯಂತ್ರ ಯೋಚಿಸಬಲ್ಲದೇ ಎಂದು ತಿಳಿಯಲು 1950ರಲ್ಲಿ ಅಲನ್ ಟ್ಯೂರಿಂಗ್ ಸೂಚಿಸಿದ ಪರೀಕ್ಷೆಯೂ ಉತ್ತರ ಕೊಡುವವರನ್ನಷ್ಟೇ ನೋಡುತ್ತದೆ.

ನೋಡಬೇಕಾದದ್ದು ಓದುವವರ ಕಡೆ. ರಸ ಸಹೃದಯನಲ್ಲಿ ಎಂದು ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ವಿವರಿಸಿದ. ನರಸಿಂಹಕವಿಯ ಕೃತಿಯಲ್ಲಿ ನಂಜರಾಜ ಮಹಾವೀರ. ಇತಿಹಾಸದ ನಂಜರಾಜಯ್ಯ 1752ರಲ್ಲಿ ತಿರುಚಿರಾಪಳ್ಳಿಯ ಆಸೆಯಿಂದ ದಂಡೆತ್ತಿ ಹೋದ. ಕೊಡುತ್ತೇನೆಂದಿದ್ದ ಆರ್ಕಾಟಿನ ನವಾಬ ಮಹಮ್ಮದಾಲಿ ಕೋಟೆ ಕೊಡಲಿಲ್ಲ. 1755ರಲ್ಲಿ ನಂಜರಾಜಯ್ಯ ಬರಿಗೈಯಲ್ಲಿ ಮರಳಿದ. ಮೈಸೂರಿನ ಬೊಕ್ಕಸ ಬರಿದಾಗಿತ್ತು. ಸಂಬಳ ಕಾಣದ ಸೈನಿಕರು ತಿರುಗಿಬಿದ್ದರು. ಅವನ ಕೈಕೆಳಗೇ ಬೆಳೆದ ಹೈದರಾಲಿ 1759ರ ಹೊತ್ತಿಗೆ ಅವನನ್ನು ಅಧಿಕಾರದಿಂದ ಇಳಿಸಿದ. ಇದೆಲ್ಲ ತಿಳಿದು ಆ ಹೊಗಳಿಕೆಯನ್ನು ಓದಿದರೆ ನನ್ನೊಳಗೆ ಏಳುವುದು ವೀರವಲ್ಲ, ಕರುಣ. ಅದು ಪದ್ಯದಲ್ಲಿಲ್ಲ, ಲಕ್ಷಣದಲ್ಲೂ ಇಲ್ಲ. ಕವಿ ಬಯಸಿದ್ದೂ ಅಲ್ಲ. ನರಸಿಂಹಕವಿಯ ಶಾಸ್ತ್ರ ಬಡವಾಗುವುದು ಇಲ್ಲೇ: ಲಕ್ಷಣಕ್ಕೆ ಎದುರಾಗಿ ನಡೆಯುವ ಓದಿಗೆ ಅದರಲ್ಲಿ ಜಾಗವಿಲ್ಲ.

ಈ ಇತಿಹಾಸವನ್ನು ಒದಗಿಸಿದರೆ ಇಂದಿನ ಯಂತ್ರವೂ ‘ಕರುಣ’ ಎಂದೇ ಬರೆದೀತು, ಸರಿಯಾಗಿಯೇ ಬರೆದೀತು. ಆದರೆ ಬಿದ್ದವನ ಪಾಡಿಗೆ ಮರುಗಲು ಮರುಗುವವರಿಗೂ ಬೀಳುವ ಭಯ ಇರಬೇಕು. ಕಳೆದುಕೊಳ್ಳಬಹುದಾದ ಮನೆ, ಮಾನ, ನಂಬಿದ ಜನ, ಸಾಯುವ ಮೈ ಇರಬೇಕು. ಇವಾವುವೂ ಅದಕ್ಕಿಲ್ಲ.