ಮುಟ್ಟಿದ್ದೆಲ್ಲ ಗಟ್ಟಿಯಲ್ಲ

ವಿಆರ್ ಹೆಡ್‌ಸೆಟ್ ಹಾಕ್ಕೊಂಡು ಇಂಜಿನ್ನಿನ ಒಳಗೇ ತಲೆ ತೂರಿಸಿ ನೋಡೋ ಡೆಮೊಗಳನ್ನು ನೀವೂ ನೋಡಿರ್ತೀರಿ. ಕಣ್ಣಿಗೆ ಎಲ್ಲ ಕಾಣುತ್ತೆ, ಕೈ ಮಾತ್ರ ಹೊಗೆಯಲ್ಲಿ ಆಡಿಸಿದ ಹಾಗೆ ಕಬ್ಬಿಣದೊಳಗೇ ಹಾದುಹೋಗುತ್ತೆ. ಈ ಕೊರತೆ ತುಂಬೋಕೆ ಬಂದಿದ್ದು ಹ್ಯಾಪ್ಟಿಕ್ ಸಾಧನಗಳು, ಅಂದರೆ ಮುಟ್ಟಿದಾಗ ಕೈಯನ್ನು ತಿರುಗಿ ತಳ್ಳುವ ಯಂತ್ರಗಳು. "ಇನ್ಮೇಲೆ ನಿಜವಾದ ಮಾದರಿ ಮಾಡಿ ನೋಡೋ ಖರ್ಚೇ ಬೇಡ" ಅನ್ನೋ ಮಾತು ಇವುಗಳ ಜೊತೆಗೇ ಬರುತ್ತೆ. ನನ್ನ ತಕರಾರು ಸಾಧನದ ಮೇಲಲ್ಲ, ಆ ಮಾತಿನ ಮೇಲೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. 1999ರ ಸಿಗ್‌ಗ್ರಾಫ್ ಸಮ್ಮೇಳನದಲ್ಲಿ ಬೋಯಿಂಗ್‌ನ ಮೆಕ್ನೀಲಿ ಮತ್ತು ಸಂಗಡಿಗರು ಒಂದು ವಿಧಾನ ಮಂಡಿಸಿದರು. ಸುತ್ತಲಿನ ಭಾಗಗಳನ್ನೆಲ್ಲ ಪುಟ್ಟ ಘನಗಳಾಗಿ ಒಡೆಯೋದು, ಕೈಯಲ್ಲಿರೋ ವಸ್ತುವಿನ ಮೈಮೇಲೆ ಚುಕ್ಕೆ ಹರಡೋದು, ಯಾವ ಚುಕ್ಕೆ ಯಾವ ಘನಕ್ಕೆ ತಾಗಿತು ಅಂತ ಲೆಕ್ಕ ಹಾಕಿ ಕೈಯನ್ನು ತಳ್ಳೋದು. ಇಷ್ಟೂ ಸೆಕೆಂಡಿಗೆ 1000 ಸಲ ಆಗಬೇಕು. ಕಣ್ಣಿಗಾದರೆ 60ರಿಂದ 90 ಚಿತ್ರ ಸಾಕು. ಕೈ ಅಷ್ಟಕ್ಕೆ ಮೋಸಹೋಗಲ್ಲ, ಗೋಡೆ ಮೆತ್ತಗಾಗುತ್ತೆ ಇಲ್ಲವೇ ನಡುಗುತ್ತೆ. ಒಂದು ಮಿಲಿಸೆಕೆಂಡಿನಲ್ಲಿ ಇಷ್ಟು ಮುಗಿಸೋದು ಹುಡುಗಾಟ ಅಲ್ಲ ಅಂತ ಕೋಡ್ ಬರೆಯೋರಿಗೆ ಗೊತ್ತು.

ಆ ವೇಗಕ್ಕೆ ತೆತ್ತ ಬೆಲೆಯೂ ಇದೆ. ಅಲ್ಲಿ ಅಲ್ಲಾಡೋದು ಕೈಯಲ್ಲಿರೋ ಒಂದೇ ವಸ್ತು. ಉಳಿದಿದ್ದೆಲ್ಲ ಬಾಗದು, ಕದಲದು. ನಮ್ಮೂರ ಕಡೆ ಟ್ರ್ಯಾಕ್ಟರ್ ರಿಪೇರಿ ಮಾಡೋರನ್ನು ನೋಡಿ, ಅರ್ಧ ಹೊತ್ತು ಪೈಪು ವೈರುಗಳನ್ನು ಪಕ್ಕಕ್ಕೆ ಸರಿಸೋದರಲ್ಲೇ ಹೋಗುತ್ತೆ. ತುಕ್ಕು ಹಿಡಿದ ಬೋಲ್ಟು ಬಗ್ಗದಿದ್ದರೆ ಸ್ಪ್ಯಾನರ್ ತುದಿಗೆ ಪೈಪ್ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕ್ತಾರೆ. ಮೇಜಿನ ಮೇಲಿಡೋ ಫ್ಯಾಂಟಮ್ ಓಮ್ನಿ ಸಾಧನದ ಗರಿಷ್ಠ ಬಲ 3.3 ನ್ಯೂಟನ್, ಅಂದರೆ ಹೆಚ್ಚುಕಮ್ಮಿ ಮೂರನೇ ಒಂದು ಲೀಟರ್ ನೀರಿನ ಭಾರ. ಅದರ ಹಿಡಿ ಎತ್ತ ತಿರುಗಿದರೂ ಅದಕ್ಕೆ ಗೊತ್ತಾಗುತ್ತೆ, ಆದರೆ ತಿರುಗೋದನ್ನು ತಡೆಯೋ ಮೋಟರ್ ಅದರಲ್ಲಿಲ್ಲ. ತಡೆಯಬಲ್ಲ ದುಬಾರಿ ಸಾಧನಗಳಿವೆ, ಅವೂ ಮೈಭಾರಕ್ಕೆ ಸಾಟಿಯಲ್ಲ. ಕೈಗವಸಿನಂಥವು ಬೆರಳನ್ನು ಹಿಡಿದು ನಿಲ್ಲಿಸುತ್ತವೆ. ನೆಲಕ್ಕೋ ಮೇಜಿಗೋ ಊರಿಕೊಳ್ಳದಿದ್ದರೆ ತೋಳನ್ನು ನಿಲ್ಲಿಸೋದು ಹೇಗೆ?

ಹಾಗಾಗಿ ಈ ಸಾಧನಗಳನ್ನು ಕೇಳಬಹುದಾದ ಪ್ರಶ್ನೆ ಒಂದೇ: ಸ್ಪ್ಯಾನರ್ ಅಲ್ಲಿಗೆ ಹೋಗುತ್ತಾ? "ಇಲ್ಲ" ಅಂತ ಬಂದರೆ ಡ್ರಾಯಿಂಗ್ ಹಂತದಲ್ಲೇ ಮತ್ತೆ ಕೂತು ನೋಡಿ. ದುಡ್ಡು ಉಳಿಯೋದು ಅಲ್ಲೇ. "ಹೌದು" ಅಂತ ಬಂದರೆ ಅದು ಅರ್ಧ ಉತ್ತರ. ಬೋಲ್ಟು ಬಿಚ್ಚೋಕಾಗುತ್ತಾ ಅನ್ನೋದಕ್ಕೆ ನಿಜವಾದ ಭಾಗ ಬೇಕು, ದಿನಾ ಅದೇ ಕೆಲಸ ಮಾಡೋ ಮೆಕ್ಯಾನಿಕ್ ಬೇಕು. ಡಿಸೈನಿಗೆ ಸಹಿ ಹಾಕೋರು ನಾವು. ಬೆರಳ ಗೆಣ್ಣು ತರಚಿಸಿಕೊಳ್ಳೋನು ಅವನು.