ಹಲವು ಹೋಟೆಲುಗಳಿಗೆ ಒಂದೇ ವೆಬ್ ಆ್ಯಪ್

ಹಲವು ಹೋಟೆಲುಗಳು ಕೂಡಿ ಬಳಸುವ ವೆಬ್ ಆ್ಯಪ್‌ನ ವಿನ್ಯಾಸದಲ್ಲಿ ಎಲ್ಲಕ್ಕಿಂತ ಮೆಚ್ಚತಕ್ಕದ್ದು, ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಬೇರೆಯಾಗಿಯೇ ಇಡಬೇಕು ಎಂಬುದನ್ನು ಅರಿತ ವಿವೇಕ. ಪ್ರೋಗ್ರಾಮೂ ಡೇಟಾಬೇಸೂ ಎಲ್ಲರಿಗೂ ಒಂದೇ ಆಗಿದ್ದು, ಪ್ರತಿಯೊಂದು ದಾಖಲೆಯೂ ತಾನು ಯಾವ ಹೋಟೆಲಿಗೆ ಸೇರಿದ್ದೆಂಬ ಗುರುತನ್ನು ಹೊತ್ತಿರುವ ವ್ಯವಸ್ಥೆಯನ್ನು ಮಲ್ಟಿಟೆನೆಂಟ್ ರಚನೆ ಎನ್ನುತ್ತಾರೆ. ಒಂದೇ ಬಾವಿಯ ನೀರು ಸೇದಿದರೂ ತಮ್ಮ ತಮ್ಮ ಬಾಗಿಲಿಗೆ ತಮ್ಮದೇ ಬೀಗ ಹಾಕಿಕೊಳ್ಳುವ ವಠಾರದ ಮನೆಗಳ ಬಾಳು ಇಲ್ಲಿಯದು. ಆ ಬೀಗವನ್ನು ಪ್ರೋಗ್ರಾಮರ್‌ನ ನೆನಪಿಗೆ ಒಪ್ಪಿಸದೆ ಡೇಟಾಬೇಸಿಗೇ ವಹಿಸುವ ಸೌಲಭ್ಯ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ, 2016ರಲ್ಲಿ ಬಂದ 9.5ನೇ ಆವೃತ್ತಿಯಿಂದ ಇದೆ. ಅದನ್ನು ಸರಿಯಾಗಿ ಅಳವಡಿಸಿದಲ್ಲಿ, ಪ್ರೋಗ್ರಾಮ್ ಬರೆದವರು ಹೋಟೆಲಿನ ಗುರುತನ್ನು ನೋಡುವ ಒಂದು ಷರತ್ತನ್ನು ಮರೆತರೂ ಒಬ್ಬರ ವ್ಯಾಪಾರದ ಲೆಕ್ಕ ಇನ್ನೊಬ್ಬರ ಕಣ್ಣಿಗೆ ಬೀಳದು.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಬೆಲೆಯ ವಿಚಾರ. ಮಸಾಲೆ ದೋಸೆ ಎಂಬ ಹೆಸರು ಎಲ್ಲ ಹೋಟೆಲುಗಳಿಗೂ ಸಮಾನವಾದರೂ ಅದರ ದರ, ಅದು ಸಿಗುವ ಹೊತ್ತು, ಈರುಳ್ಳಿಯಿಲ್ಲದ ಪಲ್ಯದ ಸೌಕರ್ಯ ಆಯಾ ಅಡುಗೆಮನೆಗೆ ಸೇರಿದವು. ಆದ್ದರಿಂದ ನುರಿತ ವಿನ್ಯಾಸಕಾರರು ಆರ್ಡರ್ ಆದ ಕ್ಷಣದ ದರವನ್ನು ಆರ್ಡರಿನಲ್ಲಿಯೇ ನಕಲು ಮಾಡಿಡುತ್ತಾರೆ, ಇಲ್ಲವಾದರೆ ನಾಳೆ ಮೆನುವಿನಲ್ಲಿ ದರ ಏರಿದಾಗ ನಿನ್ನೆಯ ಬಿಲ್ಲೂ ಬದಲಾಗಿಬಿಡುತ್ತದೆ. ಒಂದೇ ಮಾಹಿತಿಯನ್ನು ಎರಡೆಡೆ ಬರೆಯಬಾರದೆಂಬ ಡೇಟಾಬೇಸ್ ಶಿಸ್ತನ್ನು ಇದು ಮುರಿದಂತೆ ತೋರುತ್ತದೆ. ವಾಸ್ತವವಾಗಿ ಇಂದಿನ ದರ ಮತ್ತು ಗಿರಾಕಿ ಒಪ್ಪಿ ಕೊಟ್ಟ ದರ ಎರಡು ಬೇರೆ ಸಂಗತಿಗಳೆಂಬ ತಿಳಿವಳಿಕೆ ಇದರ ಹಿಂದಿದೆ. ಆರ್ಡರ್ ಪಡೆಯುವಲ್ಲಿಯೂ ಇಂಥದೇ ಎಚ್ಚರವಿದೆ: ನೆಟ್‌ವರ್ಕ್ ನಿಧಾನವಾಗಿ ಗಿರಾಕಿ ಗುಂಡಿಯನ್ನು ಎರಡು ಸಲ ಒತ್ತಿದಾಗ, ಪ್ರತಿ ಆರ್ಡರಿಗೂ ಮೊದಲೇ ಕೊಟ್ಟ ವಿಶಿಷ್ಟ ಸಂಖ್ಯೆಯನ್ನು ನೋಡಿ ಸರ್ವರ್ ಎರಡನೆಯ ಕೋರಿಕೆಯನ್ನು ಗುರುತಿಸುವುದರಿಂದ, ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ (ಕೆಒಟಿ) ಒಂದೇ ಆಗಿರುತ್ತದೆ.