ಡೇಟ್ ಮುಗಿದ ಇಂಕು, ಮುಗಿಯದ ತಕರಾರು

ಕಳೆದ ನವೆಂಬರ್‌ನಲ್ಲಿ ಅಪ್ಪನ ಲೈಫ್ ಸರ್ಟಿಫಿಕೇಟ್ ಫಾರಂ ಪ್ರಿಂಟ್ ಮಾಡಬೇಕಿತ್ತು. 'ಬದುಕಿದ್ದೀನಿ' ಅಂತ ಪೆನ್ಷನ್‌ದಾರರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಕೊಡೋ ಕಾಗದ ಅದು. ಪ್ರಿಂಟರ್‌ನಲ್ಲಿ ಇಂಕ್ ಖಾಲಿ. ಡ್ರಾಯರ್‌ನಲ್ಲಿ ಸೀಲ್ ಒಡೆಯದ ಕಪ್ಪು ಕಾರ್ಟ್ರಿಜ್ ಒಂದು ಸಿಕ್ತು. ಹಾಕಿದೆ. 'ಅವಧಿ ಮುಗಿದಿದೆ' ಅಂತ ಸ್ಕ್ರೀನ್ ಮೇಲೆ ಬಂತು. ಮುಗಿದು ಎಂಟು ತಿಂಗಳಾಗಿತ್ತು.

ಅಪ್ಪ ನಕ್ಕರು. "ನಂಗೂ ಅರವತ್ತಕ್ಕೇ ಡೇಟ್ ಮುಗೀತು ಅಂದ್ರು. ಹಾಕಿ ನೋಡೋ."

ಓಕೆ ಒತ್ತಿದೆ. ಮೊದಲ ಹಾಳೆಯ ತುಂಬ ಬಿಳಿ ಗೆರೆಗಳು. ಒಂದು ಸಲ ಕ್ಲೀನಿಂಗ್ ಕೊಟ್ಟ ಮೇಲೆ ಅಕ್ಷರ ಅಚ್ಚುಕಟ್ಟಾಗಿ ಬಂತು.

ಹಾಗಂತ ಆ ತಾರೀಖು ಬರೀ ಸುಳ್ಳು ಅಂತ ನಾನು ಹೇಳಲ್ಲ. ಇಂಕಿನಲ್ಲಿರೋ ನೀರು ನಿಧಾನವಾಗಿ ಆರುತ್ತೆ, ಇಂಕು ಮಂದವಾಗುತ್ತೆ. ಪಿಗ್ಮೆಂಟ್ ಇಂಕಾದರೆ ಬಣ್ಣದ ಕಣಗಳು ತಳ ಸೇರುತ್ತವೆ. ಕೂದಲೆಳೆಗಿಂತ ಸಣ್ಣ ನಾಝಲ್ ಕಟ್ಟಿಕೊಳ್ಳೋಕೆ ಅಷ್ಟು ಸಾಕು. ನನ್ನ ತಕರಾರು ಬೇರೆ. ಕಾರ್ಟ್ರಿಜ್‌ನ ಚಿಪ್ ಇಂಕನ್ನು ಪರೀಕ್ಷಿಸಿ ಡೇಟ್ ಮುಗೀತು ಅನ್ನಲ್ಲ; ಕ್ಯಾಲೆಂಡರ್ ನೋಡಿ ಅನ್ನುತ್ತೆ. ಎಚ್ಚರಿಸಿ ಸುಮ್ಮನಾದರೆ ಅದು ಸಲಹೆ, ಒಪ್ಪೋಣ. ಆದರೆ ಕೆಲವು ಮಾಡೆಲ್‌ಗಳು ಕೆಲಸಾನೇ ನಿಲ್ಲಿಸಿಬಿಡ್ತವೆ. ದುಡ್ಡು ಕೊಟ್ಟು ತಂದ ಮೇಲೂ ಕೊನೇ ಮಾತು ಮಾರಿದವರದ್ದೇ ಆದರೆ, ನಾವು ಕೊಂಡಿದ್ದಾದರೂ ಏನನ್ನ?

2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೆಕ್ಸ್‌ಮಾರ್ಕ್ ಟೋನರ್ ಕೇಸಿನಲ್ಲಿ ಸ್ಪಷ್ಟವಾಗೇ ಹೇಳಿತು: ಕಾರ್ಟ್ರಿಜ್ ಮಾರಿದ ಕ್ಷಣಕ್ಕೇ ಅದರ ಮೇಲೆ ಕಂಪನಿಗಿರೋ ಪೇಟೆಂಟ್ ಹಕ್ಕು ಮುಗಿಯುತ್ತೆ. ಕಾನೂನು ಬಿಟ್ಟುಕೊಟ್ಟಿದ್ದನ್ನ ಚಿಪ್ಪು ಹಿಡಿದುಕೊಂಡು ಕೂತಿದೆ.

ನಿಮ್ಮ ಡ್ರಾಯರ್‌ನಲ್ಲೂ ಇಂಥದ್ದೊಂದು ಇದ್ದರೆ ಮೊದಲು ಪ್ರಿಂಟ್‌ಹೆಡ್ ಎಲ್ಲಿದೆ ಅಂತ ನೋಡಿ. ಅದು ಕಾರ್ಟ್ರಿಜ್‌ನಲ್ಲೇ ಇದ್ದರೆ ಧೈರ್ಯವಾಗಿ ಪ್ರಯತ್ನಿಸಿ. ಕಟ್ಟಿಕೊಂಡರೂ ಹೋಗೋದು ಸಾಮಾನ್ಯವಾಗಿ ಆ ಕಾರ್ಟ್ರಿಜ್ ಮಾತ್ರ. ಹೆಡ್ ಪ್ರಿಂಟರ್‌ನೊಳಗೇ ಇದ್ದರೆ ಯೋಚಿಸಿ, ಅದು ಕಟ್ಟಿಕೊಂಡರೆ ರಿಪೇರಿ ದುಬಾರಿ. ಫೋಟೋ ಪ್ರಿಂಟಿಗಂತೂ ಹಳೇ ಇಂಕ್ ಬೇಡ. ಕ್ಲೀನಿಂಗನ್ನೂ ಪದೇ ಪದೇ ಕೊಡಬೇಡಿ, ಅದೇ ಇಂಕ್ ಕುಡಿಯುತ್ತೆ.

ಮರುದಿನ ಬ್ಯಾಂಕಿಗೆ ಹೋದೆವು. ಕೌಂಟರ್‌ನಲ್ಲಿದ್ದವರು ಫಾರಂನಲ್ಲಿದ್ದ ಹುಟ್ಟಿದ ತಾರೀಖು ನೋಡಿ ಏನನ್ನೂ ತೀರ್ಮಾನಿಸಲಿಲ್ಲ. ತಲೆಯೆತ್ತಿ ಎದುರಿಗೆ ನಿಂತಿದ್ದ ಅಪ್ಪನನ್ನ ನೋಡಿದರು, ಸಹಿ ಹಾಕಿಸಿಕೊಂಡರು. ಪ್ರಿಂಟರ್‌ನಿಂದ ನಾನು ಕೇಳೋದೂ ಅಷ್ಟೇ.